ಕೊಟ್ಟಿಗೆ ಮೇಲೆ ಬಾಗಿದ್ದ ಜೀರಿಗೆ ಮಿಡಿ ಮರ: ಒಂದು ಪ್ರಕರಣ

ಇದು ಘಟ್ಟದ ಮೇಲೆ, ಸಿರ್ಸಿ-ಸಿದ್ದಾಪುರ ಸೀಮೆಯ ಒಂದು ಮನೆಯಲ್ಲಿ ನಡೆದದ್ದು. ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಊರು, ಹೆಸರು, ಮನೆತನ ಯಾವುದನ್ನೂ ಹೇಳುವುದಿಲ್ಲ, ಒಂದೆರಡು ಗುರುತುಗಳನ್ನು ಬದಲಿಸಿಯೂ ಇದ್ದೇನೆ. ನಾನು ಪಕ್ಕದೂರಿನವನು, ಅಡಿಕೆ ತೋಟದವನು. ಮರದ ಕೆಲಸಕ್ಕೆ ಜನ ಗೊತ್ತು ಮಾಡಿಕೊಡುವುದು, ಅರ್ಜಿ ಬರೆದುಕೊಡುವುದು, ಹೀಗೆ ಹದಿನೈದು ವರ್ಷದಿಂದ ಆಚೀಚೆ ಊರಿಗೆಲ್ಲ ಓಡಾಡಿಕೊಂಡಿದ್ದೇನೆ. ಈ ಪ್ರಕರಣದಲ್ಲಿ ಒಬ್ಬ ಹುಡುಗನ ಹೆಗಲು ಮುರಿಯಿತು. ಅವನಿದ್ದ ತಂಡದ ಫೋನ್ ನಂಬರ್ ಕೊಟ್ಟವನು ನಾನೇ. ಹಾಗಾಗಿ ನಡೆದದ್ದನ್ನು ಪೂರ್ತಿ ಬರೆಯಬೇಕು ಅನಿಸಿತು.

ಮರ ಮತ್ತು ಮನೆ

ಮರ ಜೀರಿಗೆ ಮಿಡಿಯದು. ಅಪ್ಪೆಮಿಡಿಯಲ್ಲೇ, ಅಂದರೆ ಉಪ್ಪಿನಕಾಯಿಗೆ ಎಳೆಯದಾಗಿ ಕೊಯ್ಯುವ ಮಾವಿನಲ್ಲೇ, ಒಂದು ಬಗೆ. ಮಿಡಿಯ ತೊಟ್ಟು ಮುರಿದರೆ ಸೊನೆ ಚಿಮ್ಮುತ್ತದಲ್ಲ, ಅದರಲ್ಲೇ ಜೀರಿಗೆಯ ಘಮ. ಇದರ ಉಪ್ಪಿನಕಾಯಿ ವರ್ಷಗಟ್ಟಲೆ ಇಟ್ಟರೂ ಮಿಡಿ ಮೆತ್ತಗಾಗುವುದಿಲ್ಲ. ಎದೆಯೆತ್ತರಕ್ಕೆ ಹಗ್ಗ ಸುತ್ತಿ ಅಳೆದಾಗ ಸುತ್ತಳತೆ 14 ಅಡಿ ಬಂತು. ಎತ್ತರ 80 ಅಡಿ ಹತ್ತಿರ. ವಯಸ್ಸು ಯಾರಿಗೂ ಗೊತ್ತಿಲ್ಲ. ಮನೆಯ ಯಜಮಾನರ ಅಜ್ಜ ಹುಡುಗನಾಗಿದ್ದಾಗಲೂ ಅದು ದೊಡ್ಡ ಮರವೇ ಆಗಿತ್ತಂತೆ.

ಮರದ ಬುಡದಿಂದ 22 ಅಡಿ ದೂರಕ್ಕೆ ಹಂಚಿನ ಕೊಟ್ಟಿಗೆ. ಅದರಾಚೆ ಬಾವಿ, ಅದರಾಚೆ ಮನೆಯ ಹಿಂಬಾಗಿಲು. ಮರ ಬಾಗಿದ್ದು ಕೊಟ್ಟಿಗೆಯ ಕಡೆಗೇ. ಇನ್ನೊಂದು ಪಕ್ಕ ಇಳಿಜಾರು, ಅಲ್ಲಿ ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ಶುರುವಾಗುತ್ತದೆ. ಮರಕ್ಕೂ ಇಳಿಜಾರಿಗೂ ನಡುವೆ ಒಂದು ಸಿಲ್ವರ್ ಓಕ್, ಸ್ವಲ್ಪ ಮೇಲೆ ಒಂದು ಹಲಸು. ಈ ಹಲಸು ಮುಂದೆ ದೊಡ್ಡ ಕೆಲಸಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಒಂದು ವರ್ಷ ಮೇ ತಿಂಗಳ ಮಧ್ಯಾಹ್ನ, ಗಾಳಿ ಒಂಚೂರೂ ಇಲ್ಲದಾಗ, ತೊಡೆಗಿಂತ ದಪ್ಪದ ಒಂದು ಕೊಂಬೆ ತಾನಾಗೇ ಮುರಿದು ಕೊಟ್ಟಿಗೆ ಮೇಲೆ ಬಿತ್ತು. ಎಪ್ಪತ್ತು ಎಂಬತ್ತು ಹಂಚು ಪುಡಿಯಾಯಿತು. ದನಗಳು ಮೇಯಲು ಹೋಗಿದ್ದವು, ಬದುಕಿಕೊಂಡವು. ಯಜಮಾನರು ಆವತ್ತೇ ಬುಡ ನೋಡಿದರು. ಕೊಟ್ಟಿಗೆಯ ಕಡೆ ಬೇರಿನ ಸಂದಿಯಲ್ಲಿ ತಟ್ಟೆಯಗಲದ ಅಣಬೆ ಎದ್ದಿತ್ತು, ಹಲಗೆಯ ಹಾಗೆ ಗಟ್ಟಿ. ಹತ್ತಡಿ ಮೇಲೆ ಒಂದು ಪೊಟರೆ, ಅದರಲ್ಲಿ ತುಡುವೆ ಜೇನು. ಬುಡದಲ್ಲಿ ಅಂಥ ಅಣಬೆ ಕಂಡರೆ ಒಳಗೆ ಮರ ಕೊಳೆಯುತ್ತಿದೆ ಅಂತಲೇ ಲೆಕ್ಕ. ಅಣಬೆ ಹೊರಗೆ ಕಾಣುವ ಹೊತ್ತಿಗೆ ಒಳಗೆ ಎಷ್ಟೋ ವರ್ಷದ ಕೊಳೆತ ಆಗಿರುತ್ತದೆ.

ಹನ್ನೊಂದು ತಿಂಗಳ ಮಾತು

ಯಜಮಾನರಿಗೆ 74. ಅವರ ಮಾತು ಒಂದೇ, "ಕಡಿಸಿಬಿಡೋಣ. ಮೊಮ್ಮಕ್ಕಳು ರಜಕ್ಕೆ ಬಂದಾಗ ಅದರ ಕೆಳಗೇ ಆಡ್ತಾವೆ."

ಅವರ ತಂಗಿಯನ್ನು ಹತ್ತು ಮೈಲಿ ದೂರದ ಊರಿಗೆ ಕೊಟ್ಟಿದೆ. ಆಕೆಗೆ ಈ ಮರ ಅಂದರೆ ಅಮ್ಮ. ಪ್ರತಿವರ್ಷ ಮಾರ್ಚಿನಲ್ಲಿ ಬಂದು ಮಿಡಿ ಕೊಯ್ಯಿಸಿ, ತವರಿನ ಭರಣಿಗೂ ತನ್ನ ಭರಣಿಗೂ ಉಪ್ಪು ಹಾಕಿ ಹೋಗುತ್ತಾರೆ. "ಇಂಥ ಮಿಡಿ ಈ ಸೀಮೇಲಿ ಇನ್ನೆಲ್ಲೂ ಇಲ್ಲ ಅಣ್ಣಾ. ಒಂದು ಕೊಂಬೆ ಬಿತ್ತು ಅಂತ ಇಡೀ ಮರ ಕಡೀತಾರಾ?" ಅಂತ ಅತ್ತೇಬಿಟ್ಟರು.

ಯಜಮಾನರ ತಮ್ಮ ಬೆಂಗಳೂರಿನಲ್ಲಿದ್ದಾನೆ. ಅವನು ಒಬ್ಬ ನಾಟಾ ವ್ಯಾಪಾರಿಗೆ ಫೋನ್ ಮಾಡಿ ರೇಟ್ ಕೇಳಿದ್ದ. "ಮರ ಅವರೇ ಕಡ್ಕೊಂಡು ಹೋಗ್ತಾರೆ, ಮೇಲಿಂದ ದುಡ್ಡೂ ಕೊಡ್ತಾರೆ. ಒಂದು ಕಡಿದರೆ ಹತ್ತು ನೆಡೋಣ" ಅನ್ನುವುದು ಅವನ ವಾದ. ತಂಗಿ ಒಪ್ಪಲಿಲ್ಲ. ಹತ್ತು ಗಿಡ ನೆಟ್ಟರೆ ಪೊಟರೆ ಬರುತ್ತದಾ, ಜೇನು ಕೂರುತ್ತದಾ ಅಂತ ಕೇಳಿದರು. ಸರಿಯಾದ ಪ್ರಶ್ನೆ ಅಲ್ವಾ? ದೊಡ್ಡ ಮರದ ಪೊಟರೆಯಲ್ಲಿ ಜೇನಿರುತ್ತದೆ, ಮಂಗಟ್ಟೆ ಹಕ್ಕಿ ಗೂಡು ಮಾಡುತ್ತದೆ, ಹಾರುಬೆಕ್ಕು ಇರುತ್ತದೆ. ಅದಕ್ಕೆಲ್ಲ ನೂರು ವರ್ಷ ಬೇಕು.

ನಾಲ್ಕನೆಯವರು ಪಕ್ಕದ ಮನೆಯ ಹಿರಿಯರು. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿ ಕಡೆಯ ಕಾಡಿನಲ್ಲಿ ಅಪ್ಪಿಕೋ ಚಳವಳಿ ಶುರುವಾದಾಗ ಅವರು ಕಾಲೇಜು ಹುಡುಗ, ಮರ ಅಪ್ಪಿ ನಿಂತವರಲ್ಲಿ ಅವರೂ ಒಬ್ಬರು. ಇವರು ಕಡಿಯೋದು ಬೇಡ ಅಂತಲೇ ಹೇಳುತ್ತಾರೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ತಂಗಿಯಂತೂ ಅವರನ್ನು ನಂಬಿಯೇ ಕೂತಿದ್ದರು. ಅವರು ಹೇಳಿದ್ದು ಬೇರೆ. "ಉಳಿಸು, ಬೆಳೆಸು, ಬಳಸು ಅಂತ ಮೂರು ಮಾತು ಹೇಳ್ತಿದ್ವಿ. ಮೂರನೇದನ್ನ ಜನ ಮರೆತುಬಿಟ್ರು. ನಮ್ಮ ಜಗಳ ಇದ್ದಿದ್ದು ಕಡಿಯೋ ರೀತಿ ಮೇಲೆ. ಗುರುತು ಹಾಕಿದ್ದಕ್ಕಿಂತ ಜಾಸ್ತಿ ಕಡೀತಿದ್ರು. ಒಂದು ದೊಡ್ಡ ಮರ ಬೀಳೋವಾಗ ಸುತ್ತಲಿನ ಎಳೇ ಮರನೆಲ್ಲ ಮುರಿದುಹಾಕ್ತಿತ್ತು, ಎಳ್ಕೊಂಡು ಹೋಗೋವಾಗ ಇನ್ನಷ್ಟು ಹಾಳು."

ಇದಕ್ಕೆ ಅವರು ಇನ್ನೊಂದು ಮಾತು ಸೇರಿಸಿದರು. ನಮ್ಮ ಕಡೆಯ ಸಹಜ ಕಾಡಿನಲ್ಲಿ ಹಸಿಮರ ಕಡಿಯುವುದು ನಿಂತು ಎಷ್ಟೋ ವರ್ಷವಾಯಿತು. ಒಳ್ಳೆಯದೇ ಆಯಿತು. ಆದರೆ ಮನೆ ಕಟ್ಟುವುದು ನಿಂತಿಲ್ಲ. ಈಗ ನಮ್ಮೂರ ಬಾಗಿಲು ಕಿಟಕಿಗೆ ಮಲೇಷ್ಯಾದ ಮರ, ಆಫ್ರಿಕಾದ ಮರ ಬರುತ್ತದೆ, ಮಂಗಳೂರು ಬಂದರಿನಲ್ಲಿ ಇಳಿಯುತ್ತದೆ. "ಅಲ್ಲಿ ಯಾರು ಅಪ್ಪಿ ನಿಂತಿದ್ದಾರೆ?" ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಸ್ವಂತ ಜಾಗದಲ್ಲಿ ಬೆಳೆದ ಮರವನ್ನು ಲೆಕ್ಕ ಇಟ್ಟು ಕಡಿದು ಬಳಸುವುದನ್ನು ನಾನು ತಪ್ಪು ಅನ್ನಲಾರೆ. ಕಾಡಿನ ಹಸಿಮರಕ್ಕೆ ಮತ್ತೆ ಕೊಡಲಿ ಹಾಕುವುದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಆವತ್ತೂ ಇದನ್ನೇ ಹೇಳಿದೆ, ಈಗಲೂ ಇದನ್ನೇ ಹೇಳುತ್ತೇನೆ. ಈ ಒಂದು ಮರದ ವಿಷಯದಲ್ಲಿ ಮಾತ್ರ ನಾನು ತಂಗಿಯ ಪಕ್ಷ ವಹಿಸಿ, ಇನ್ನೊಂದು ಮಿಡಿ ಸೀಸನ್ ಕಳೆಯಲಿ ಅಂದೆ.

ಹೀಗೆ ಹನ್ನೊಂದು ತಿಂಗಳು ಹೋಯಿತು. ಮದುವೆಮನೆಯಲ್ಲಿ, ಶ್ರಾದ್ಧದ ಊಟದಲ್ಲಿ, ಫೋನಿನಲ್ಲಿ ಅದೇ ಮಾತು. ಮಿಡಿ ಕೊಯ್ದಾಯಿತು. ಏಪ್ರಿಲ್‌ನಲ್ಲಿ ಇನ್ನೊಂದು ಕೊಂಬೆ ಬಿರುಕು ಬಿಟ್ಟಾಗ ತಂಗಿಯೇ ಸೋತು "ಏನಾದ್ರೂ ಮಾಡಿ" ಅಂದರು.

ಅರ್ಜಿ ನಾನೇ ಬರೆದೆ. ಇದು ಮಾಲ್ಕಿ, ಅಂದರೆ ಸ್ವಂತ ಜಾಗದ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ಜೀವಕ್ಕೋ ಆಸ್ತಿಗೋ ಅಪಾಯ ತರುವ ಮರ ಅಂತಾದರೆ ಅನುಮತಿ ನಿರಾಕರಿಸುವಂತಿಲ್ಲ ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಬದಲಿಗೆ ಗಿಡ ನೆಡಬೇಕು ಅಂತ ಷರತ್ತು ಹಾಕುತ್ತಾರೆ. ಬಂದು ನೋಡಿದರು, ಅಳೆದರು, ಮಹಜರು ಬರೆದರು. ಮೂರು ವಾರದಲ್ಲಿ ಕಾಗದ ಕೈಗೆ ಬಂತು. ಕಚೇರಿ ತಡ ಮಾಡುತ್ತದೆ ಅಂತ ನಾವು ದೂರುವುದುಂಟು. ಇಲ್ಲಿ ತಡ ಮಾಡಿದವರು ನಾವು. ಒಳ್ಳೆಯ ಒಣ ಕಾಲವನ್ನೆಲ್ಲ ಮಾತಿನಲ್ಲಿ ಕಳೆದು, ಮಳೆ ತಲೆ ಮೇಲೆ ಬಂದಾಗ ಕೆಲಸಕ್ಕೆ ಇಳಿದೆವು.

ಮೇ ಕೊನೆಯ ವಾರ

ಗುಡುಗು ಶುರುವಾಗಿತ್ತು. ಯಜಮಾನರಿಗೆ ಅವಸರ. ಅನುಭವದ ಜನ ಯಾರೂ ಸಿಗಲಿಲ್ಲ, ಎಲ್ಲರದ್ದೂ ಮಳೆಗೆ ಮೊದಲಿನ ಕೆಲಸ. ನನ್ನ ಫೋನಿನಲ್ಲಿ ಒಂದು ತಂಡದ ನಂಬರ್ ಇತ್ತು, ಅಕೇಶಿಯಾ ಕಟಾವಿಗೆ ಹೋಗುವವರು. ಕೊಟ್ಟೆ. ಮರ ಎಂಥದ್ದು, ಬುಡ ಹೇಗಿದೆ ಅಂತ ಅವರಿಗೆ ಹೇಳಲಿಲ್ಲ. ಅವರೂ ಕೇಳಲಿಲ್ಲ. ನೆಡುತೋಪಿನ ಅಕೇಶಿಯಾವನ್ನು ಸಾಲಾಗಿ ಕೆಡವುವುದಕ್ಕೂ, ಕೊಟ್ಟಿಗೆ ಮೇಲೆ ಚಾಚಿದ ಹಳೇ ಮಾವಿನ ಮರಕ್ಕೂ ಏನೇನೂ ಸಂಬಂಧವಿಲ್ಲ.

ತಂಡ ಬೆಳಗ್ಗೆ ಎಂಟಕ್ಕೆ ಬಂತು, ಎಂಟೂವರೆಗೆ ಒಬ್ಬ ಹುಡುಗ ಮರದ ಮೇಲಿದ್ದ. 23 ವರ್ಷ. ಅಡಿಕೆ ಕೊಯ್ಲಿನಲ್ಲಿ ಒಳ್ಳೆಯ ಹೆಸರು, ಒಂದು ಮರದಿಂದ ಇನ್ನೊಂದಕ್ಕೆ ತೂಗಿಕೊಂಡೇ ದಾಟುತ್ತಿದ್ದ. ಹತ್ತುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಎತ್ತರದಲ್ಲಿ ನಿಂತು ಮಿಷಿನ್ (ಸರಪಳಿ ಗರಗಸ) ಹಿಡಿದು ಕೊಯ್ಯುವುದು ಬೇರೆಯೇ ವಿದ್ಯೆ, ಅದನ್ನು ಯಾರೂ ಅವನಿಗೆ ಕಲಿಸಿರಲಿಲ್ಲ. ಸೊಂಟಕ್ಕೆ ಒಂದು ಹಗ್ಗ, ಕಾಲಿಗೆ ಚಪ್ಪಲಿಯೂ ಇಲ್ಲ, ತಲೆಗೆ ಟವೆಲ್.

ಕೊಟ್ಟಿಗೆ ಮೇಲೆ ಚಾಚಿದ್ದ ದೊಡ್ಡ ಕೊಂಬೆ, ಒಂದೂವರೆ ಅಡಿ ದಪ್ಪ. ಅದರ ತುದಿಗೆ ಹಗ್ಗ ಕಟ್ಟಿ ಆರು ಜನ ಪಕ್ಕಕ್ಕೆ ಎಳೆದು ಹಿಡಿದರು. ಹುಡುಗ ಮೇಲಿನಿಂದ ಕೊಯ್ಯಲು ಶುರು ಮಾಡಿದ.

ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ, ಯಾಕೆಂದರೆ ಇಡೀ ಪ್ರಕರಣ ಈ ಒಂದು ಕೊಯ್ತದಲ್ಲಿದೆ. ಅಡ್ಡ ಚಾಚಿದ ಕೊಂಬೆಯ ಭಾರವೆಲ್ಲ ತುದಿಯಲ್ಲಿರುತ್ತದೆ. ಹಾಗಾಗಿ ಕೊಂಬೆಯ ಮೇಲ್ಭಾಗದ ನಾರು ಬಿಗಿಯಾಗಿ ಎಳೆದುಕೊಂಡಿರುತ್ತದೆ, ಕೆಳಭಾಗ ಒತ್ತಿಕೊಂಡಿರುತ್ತದೆ. ಮೊದಲು ಕೆಳಗಿನಿಂದ ಕಾಲು ಭಾಗದಷ್ಟು ಕೊಯ್ದುಕೊಂಡು, ಆಮೇಲೆ ಸ್ವಲ್ಪ ಆಚೆಗೆ ಮೇಲಿನಿಂದ ಕೊಯ್ದರೆ ಕೊಂಬೆ ಅಲ್ಲಿಗೇ ಕಡಿದುಕೊಳ್ಳುತ್ತದೆ. ಕೆಳಗಿನ ಆ ಕೊಯ್ತ ಇಲ್ಲದೆ ಬರೀ ಮೇಲಿನಿಂದಲೇ ಕೊಯ್ದರೆ, ಅರ್ಧಕ್ಕೆ ಬರುವಷ್ಟರಲ್ಲಿ ಭಾರ ತಡೆಯದೆ ಕೊಂಬೆ ಮುರಿದು, ನಾರಿನುದ್ದಕ್ಕೂ ಕಾಂಡದ ಕಡೆಗೆ ಸೀಳಿಕೊಂಡು ಬರುತ್ತದೆ. ಕೊಯ್ಯುವವನು ನಿಂತಿರುವುದೂ ಆ ಕಡೆಗೇ.

ಹಾಗೇ ಆಯಿತು. ಬಟ್ಟೆ ಹರಿದ ಹಾಗೆ ಒಂದು ಸದ್ದು. ಐದಡಿ ಉದ್ದದ ಸೀಳು ಬಿಟ್ಟುಕೊಂಡು ಕೊಂಬೆ ಕೆಳಕ್ಕೆ ಜೋತುಬಿತ್ತು, ಆರು ಜನ ಎಳೆಯುತ್ತಿದ್ದ ಹಗ್ಗಕ್ಕೆ ಅದು ಪಕ್ಕಕ್ಕೆ ತಿರುಗಿತು, ಬುಡದ ತುದಿ ಬಂದು ಹುಡುಗನ ಎಡಹೆಗಲಿಗೆ ಬಡಿಯಿತು. ಮಿಷಿನ್ ಕೆಳಗೆ ಬಿತ್ತು. ಅವನು ಸೊಂಟದ ಹಗ್ಗದಲ್ಲಿ ಮೂವತ್ತಡಿ ಮೇಲೆ ನೇತಾಡುತ್ತಿದ್ದ. ಇಳಿಸಲು ಇಪ್ಪತ್ತು ನಿಮಿಷ ಹಿಡಿಯಿತು, ಯಾಕೆಂದರೆ ಹತ್ತಬಲ್ಲವನು ಅವನೊಬ್ಬನೇ ಇದ್ದ. ಹೆಗಲ ಮೂಳೆ ಮುರಿದಿತ್ತು, ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು. ಆಸ್ಪತ್ರೆ ಖರ್ಚನ್ನು ಯಜಮಾನರು ಕೊಟ್ಟರು. ತಂಡದ ಮುಖ್ಯಸ್ಥ ಆಮೇಲೆ ಫೋನ್ ಎತ್ತಲಿಲ್ಲ.

ಮೂರನೇ ದಿನ ಹುಡುಗನ ಮನೆಗೆ ಹೋಗಿದ್ದೆ. ಅವನ ತಾಯಿ ಅಕ್ಕಿ ಆರಿಸುತ್ತ ಕೂತಿದ್ದರು. ಬೈಯಲಿಲ್ಲ. ಮೊರದಿಂದ ಕಣ್ಣೆತ್ತದೆ ಕೇಳಿದರು, "ಮರ ಬೇಕು ಬೇಡ ಅಂತ ನೀವೆಲ್ಲ ಒಂದು ವರ್ಷ ಮಾತಾಡಿದ್ರಂತೆ. ಹತ್ತೋನು ಯಾರು ಅಂತ ಒಬ್ರಾದ್ರೂ ಮಾತಾಡಿದ್ರಾ?"

ಇಲ್ಲ. ಯಾರೂ ಮಾತಾಡಿರಲಿಲ್ಲ. ಮಿಡಿ ಬಗ್ಗೆ, ಜೇನಿನ ಬಗ್ಗೆ, ನಾಟಾ ರೇಟಿನ ಬಗ್ಗೆ, ಮಲೇಷ್ಯಾದ ಕಾಡಿನ ಬಗ್ಗೆ ಕೂಡ ಮಾತಾಡಿದ್ದೆವು. ಕಡಿಯಬೇಕು ಅನ್ನುವವರೂ ಬೇಡ ಅನ್ನುವವರೂ ನಿಂತಿದ್ದು ಅಂಗಳದಲ್ಲಿ. ಮರದ ಮೇಲೆ ಇದ್ದವನು ಅವನು.

ಮಳೆಗಾಲ

ಯಜಮಾನರು ಇನ್ನೊಂದು ತಂಡ ಹುಡುಕಿ ಅಂದರು. ನಾನು ಬೇಡ ಅಂದೆ. ಪಕ್ಕದ ಮನೆಯ ಹಿರಿಯರೂ ಬೇಡ ಅಂದರು. ಮಳೆಯಲ್ಲಿ ತೊಗಟೆ ಜಾರುತ್ತದೆ, ಗಾಳಿ ಯಾವಾಗ ಬರುತ್ತದೆ ಹೇಳಲಾಗದು, ಅರ್ಧ ಸೀಳಿದ ಕೊಂಬೆ ಬೇರೆ ಮೇಲೆ ನೇತಾಡುತ್ತಿದೆ. ಹಾಗಂತ ಆ ಮರದ ಕೆಳಗೆ ನಾಲ್ಕು ತಿಂಗಳು ಇರುವುದು ಹೇಗೆ?

ಉತ್ತರ ಕೊಟ್ಟವರು ಯಜಮಾನರ ಹೆಂಡತಿ. ಅಲ್ಲಿಯವರೆಗೆ ಅವರನ್ನು ಯಾರೂ ಕೇಳಿಯೇ ಇರಲಿಲ್ಲ. "ಮರ ಸರಿಸೋಕಾಗಲ್ಲ, ದನ ಸರಿಸಬಹುದಲ್ಲ?" ಅಂದರು. ಅಷ್ಟೇ. ಒಂದು ವಾರದಲ್ಲಿ ಅಡಿಕೆ ಒಣಗಿಸುವ ಅಟ್ಟದ ಕೆಳಗೆ ನಾಲ್ಕು ಕಂಬ, ತಗಡು ಹಾಕಿ ದನಗಳಿಗೆ ಜಾಗವಾಯಿತು. ಬಾವಿಯಿಂದ ಪಂಪು ಹಾಕಿ ನೀರನ್ನು ಮುಂಬಾಗಿಲಿಗೆ ತಂದರು. ಮರದ ಸುತ್ತ ಹಗ್ಗ ಕಟ್ಟಿ, ಆ ಕಡೆ ಯಾರೂ ಹೋಗಬಾರದು ಅಂತ ಮಾಡಿದರು. ಹದಿಮೂರು ತಿಂಗಳಿಂದ ನಾವೆಲ್ಲ ಮರವನ್ನೇ ನೋಡುತ್ತಿದ್ದೆವು, ಮರದ ಕೆಳಗೆ ಏನಿದೆ ಅಂತ ನೋಡಿರಲಿಲ್ಲ. ಮರ ಬಿದ್ದರೂ ಅಲ್ಲಿ ಜೀವ ಇಲ್ಲದಿದ್ದರೆ ಅಪಾಯ ಅರ್ಧಕ್ಕಿಂತ ಕಡಿಮೆ. ಇದನ್ನು ಮೊದಲ ಕೊಂಬೆ ಬಿದ್ದ ವಾರವೇ ಮಾಡಿದ್ದರೆ ಯಾರಿಗೂ ಅವಸರವೇ ಇರುತ್ತಿರಲಿಲ್ಲ.

ಮಳೆಗಾಲ ಇನ್ನೊಂದು ಉಪಕಾರ ಮಾಡಿತು. ಮಾವಿಗೆ ಕಸಿ ಕಟ್ಟುವ ಕಾಲ ಅದೇ. ತಂಗಿ ಒಬ್ಬ ಕಸಿ ಕಟ್ಟುವವರನ್ನು ಕರೆತಂದರು. ಇಳಿಜಾರಿನ ಕಡೆಯ ಗಟ್ಟಿ ಕೊಂಬೆಗೆ ಉದ್ದದ ದೋಟಿ ಹಾಕಿ ಕಡ್ಡಿ ಇಳಿಸಿಕೊಂಡು, ಗೊರಟೆಯಿಂದ ಎದ್ದ ನಲವತ್ತು ಗಿಡಕ್ಕೆ ಕಟ್ಟಿದರು. ಇಪ್ಪತ್ತೇಳು ಹಿಡಿದವು. ಗೊರಟೆ ನೆಟ್ಟು ಬೆಳೆಸಿದ ಗಿಡದಲ್ಲಿ ಅದೇ ಮಿಡಿ ಬರುತ್ತದೆ ಅನ್ನುವ ಖಾತ್ರಿ ಇಲ್ಲ, ಕಸಿಯಲ್ಲಿ ಬರುತ್ತದೆ. ಅದಾದ ಮೇಲೆ ತಂಗಿಯ ಮಾತಿನ ಧಾಟಿಯೇ ಬದಲಾಯಿತು. ಮಿಡಿ ಉಳಿಯಿತು ಅಂತ ಗೊತ್ತಾದ ಮೇಲೆ ಮರದ ಬಗ್ಗೆ ಸಮಾಧಾನದಿಂದ ಮಾತಾಡಿದರು.

ನವೆಂಬರ್

ಈ ಸಲ ಬಂದವರು ಐವತ್ತು ದಾಟಿದ ಒಬ್ಬರು, ಜೊತೆಗೆ ಇಬ್ಬರು. ಮೇಸ್ತ್ರಿ ಅನ್ನುತ್ತೇನೆ. ಮೊದಲ ದಿನ ಅವರು ಮಿಷಿನ್ ಚೀಲದಿಂದ ತೆಗೆಯಲೇ ಇಲ್ಲ. ಮರದ ಸುತ್ತ ಒಂದು ಗಂಟೆ ತಿರುಗಿದರು. ಕೊಡಲಿಯ ಹಿಂಬದಿಯಿಂದ ಬುಡಕ್ಕೆ ಗೇಣಿಗೊಮ್ಮೆ ತಟ್ಟುತ್ತ, ಕಿವಿ ಕೊಟ್ಟು ಕೇಳುತ್ತ ಬಂದರು. ಇಳಿಜಾರಿನ ಕಡೆ "ಟಣ್" ಅಂತ ಗಟ್ಟಿ ಸದ್ದು. ಕೊಟ್ಟಿಗೆ ಕಡೆ ಬಂದಾಗ ಡೋಲು ಬಡಿದ ಹಾಗೆ. ಆಮೇಲೆ ಉದ್ದನೆಯ ತೆಳ್ಳಗಿನ ಡ್ರಿಲ್ ಹಾಕಿ ಎರಡು ಕಡೆ ತೂತು ಕೊರೆದು, ಬಂದ ಪುಡಿಯನ್ನು ಅಂಗೈಯಲ್ಲಿ ಹಿಡಿದು ತೋರಿಸಿದರು. ಇಳಿಜಾರಿನ ಕಡೆ ಏಳು ಇಂಚಿನವರೆಗೆ ಬಿಳಿ ಹೊಟ್ಟು, ಆಮೇಲೆ ಕಾಫಿಪುಡಿಯಂಥ ಕಂದು, ಆಮೇಲೆ ಏನೂ ಇಲ್ಲ, ಡ್ರಿಲ್ ಸುಮ್ನೆ ಒಳಗೆ ಹೋಯಿತು. ಕೊಟ್ಟಿಗೆ ಕಡೆ ಬಿಳಿ ಹೊಟ್ಟು ಬಂದದ್ದು ಮೂರೇ ಇಂಚು.

14 ಅಡಿ ಸುತ್ತಳತೆ ಅಂದರೆ ನಡುವಿನಿಂದ ತೊಗಟೆಯವರೆಗೆ ಸುಮಾರು 27 ಇಂಚು. ಅದರಲ್ಲಿ ಮೂರನೇ ಒಂದು ಭಾಗದಷ್ಟಾದರೂ ಗಟ್ಟಿ ಮರ ಸುತ್ತಲೂ ಉಳಿದಿರಬೇಕು, ಕಡಿಮೆಯಾದರೆ ಜಾಗ್ರತೆ ಅನ್ನುವುದು ಮರದ ಕೆಲಸದವರ ಅಂದಾಜು. ಅಂದರೆ ಒಂಬತ್ತು ಇಂಚು. ಇಲ್ಲಿ ಎರಡೂ ಕಡೆ ಅಷ್ಟಿಲ್ಲ.

"ಇದನ್ನ ಬುಡದಲ್ಲಿ ಕೊಯ್ದು ಬೀಳಿಸೋಕಾಗಲ್ಲ" ಅಂದರು. ಯಾಕೆ ಅಂತ ತಮ್ಮ ಕೇಳಿದ. ಅವರು ಬಾಯಲ್ಲಿ ಹೇಳದೆ, ಮಾರನೇ ದಿನ ಸಿಲ್ವರ್ ಓಕ್ ಮೇಲೆ ಮಾಡಿ ತೋರಿಸಿದರು. ಮಾವಿನ ಕೊಂಬೆ ಇಳಿಸಲು ಜಾಗ ಬೇಕಿತ್ತು, ಆ ಮರ ಹೇಗೂ ಹೋಗಬೇಕಿತ್ತು. ಸಿಲ್ವರ್ ಓಕ್‌ಗೆ ಕಾಯ್ದೆಯಲ್ಲೇ ವಿನಾಯಿತಿ ಇದೆ, ಕಡಿಯಲು ಅನುಮತಿ ಬೇಡ.

ಸುಮಾರು 70 ಅಡಿ ಎತ್ತರ, ಬುಡ 20 ಇಂಚು ದಪ್ಪ, ಒಳಗೆ ಗಟ್ಟಿ. ಮೊದಲು ಮರ ಬೀಳಬೇಕಾದ ದಿಕ್ಕಿನಲ್ಲಿ 50 ಅಡಿ ದೂರಕ್ಕೆ ಒಂದು ಗೂಟ ನೆಟ್ಟರು. ಆಮೇಲೆ ಓಡುವ ದಾರಿ. ಬೀಳುವ ದಿಕ್ಕಿಗೆ ನೇರ ಹಿಂದೆ ಅಲ್ಲ, ಹಿಂದಕ್ಕೆ ಓರೆಯಾಗಿ, ಎಡಕ್ಕೊಂದು ಬಲಕ್ಕೊಂದು. ಆ ಎರಡೂ ದಾರಿಯ ದರಗು, ಬಳ್ಳಿ, ಕಲ್ಲು ಎಲ್ಲ ತೆಗೆಸಿದರು. ನೇರ ಹಿಂದೆ ಓಡಬಾರದು, ಬೀಳುವಾಗ ಬುಡ ಹಿಂದಕ್ಕೆ ಒದೆಯಬಹುದು. ಮೇಲೆ ಒಣಕೊಂಬೆ ಸಿಕ್ಕಿಹಾಕಿಕೊಂಡಿದೆಯಾ ಅಂತ ನಾಲ್ಕೂ ಕಡೆಯಿಂದ ನೋಡಿದರು. ನಮ್ಮನ್ನೆಲ್ಲ ಮರದ ಎತ್ತರದ ಎರಡರಷ್ಟು ದೂರಕ್ಕೆ ಕಳಿಸಿದರು, ಅಂದರೆ 140 ಅಡಿ. ಯಜಮಾನರಿಗೆ ಕುರ್ಚಿ ಅಲ್ಲೇ ಹಾಕಿದೆವು.

ಬೀಳುವ ಕಡೆಯಲ್ಲಿ ಕಲ್ಲಂಗಡಿ ಹೋಳು ತೆಗೆದ ಹಾಗೆ ಒಂದು ಕಚ್ಚು ತೆಗೆದರು, ಐದು ಇಂಚು ಆಳ. ಆಮೇಲೆ ಹಿಂದಿನಿಂದ, ಕಚ್ಚಿನ ಮಟ್ಟಕ್ಕಿಂತ ಒಂದಿಂಚು ಮೇಲೆ ಕೊಯ್ಯುತ್ತ ಬಂದರು. ಪೂರ್ತಿ ಕೊಯ್ಯಲಿಲ್ಲ. ನಡುವೆ ಎರಡು ಇಂಚು ಅಗಲದ ಪಟ್ಟಿ ಹಾಗೇ ಬಿಟ್ಟರು. ಅವರು ಅದನ್ನು ‘ಹಿಡಿತ’ ಅನ್ನುತ್ತಾರೆ. ಬಾಗಿಲಿಗೆ ಕೀಲು ಇದ್ದ ಹಾಗೆ ಅದು. ಮರ ಎತ್ತ ತಿರುಗಬೇಕು, ಎಷ್ಟು ನಿಧಾನಕ್ಕೆ ಬಾಗಬೇಕು ಅನ್ನುವುದು ಆ ಎರಡಿಂಚಿನ ಕೈಯಲ್ಲಿ. ಅದನ್ನೂ ಕೊಯ್ದುಬಿಟ್ಟರೆ ಮರಕ್ಕೆ ಹೇಳುವವರು ಕೇಳುವವರು ಇಲ್ಲ. ಹಿಂದಿನ ಕೊಯ್ತಕ್ಕೆ ಎರಡು ಬೆಣೆ ಇಟ್ಟು ಸುತ್ತಿಗೆಯಿಂದ ಒಂದೊಂದೇ ಪೆಟ್ಟು ಕೊಟ್ಟರು. ತುದಿ ಅಲ್ಲಾಡಿತು. ಮಿಷಿನ್ ಆಫ್ ಮಾಡಿ, ಓರೆ ದಾರಿಯಲ್ಲಿ ನಡೆದುಕೊಂಡೇ ಹೋದರು, ಕಣ್ಣು ಮಾತ್ರ ಮರದ ಮೇಲೆ. ಮರ ಬಂದು ಗೂಟವನ್ನು ನೆಲದೊಳಕ್ಕೆ ಹೊಡೆಯಿತು.

ತಮ್ಮನನ್ನು ಕರೆದು ಆ ಎರಡಿಂಚಿನ ಹರಿದ ನಾರು ಮುಟ್ಟಿಸಿದರು. "ಈ ಹಿಡಿತಕ್ಕೆ ಗಟ್ಟಿ ಮರ ಬೇಕು. ನಿಮ್ಮ ಮಾವಿನಲ್ಲಿ ಹಿಡಿತ ಬಿಡೋ ಜಾಗದಲ್ಲೇ ಖಾಲಿ ಇದೆ. ಕೊಯ್ಯೋಕೆ ಶುರು ಮಾಡಿದ ಮೇಲೆ ಅದು ಎತ್ತ ಹೋಗುತ್ತೆ ಅಂತ ನಂಗೂ ಗೊತ್ತಿರಲ್ಲ" ಅಂದರು. ನಾಟಾ ರೇಟಿನ ಮಾತು ಅಲ್ಲಿಗೆ ನಿಂತಿತು.

ಮಾವಿನ ಮರ ತುಂಡು ತುಂಡಾಗಿ ಇಳಿಯಿತು, ಮೂರು ದಿನ. ಅದಕ್ಕೆ ಮೊದಲು ಒಂದು ಸಂಜೆ ಜೇನು ಸಾಕುವವರು ಬಂದು ಪೊಟರೆಯ ಜೇನುತಟ್ಟಿಗಳನ್ನು ಒಂದೊಂದಾಗಿ ಕೊಯ್ದು, ಬಾಳೆನಾರಿನಿಂದ ಚೌಕಟ್ಟಿಗೆ ಕಟ್ಟಿ, ರಾಣಿ ಸಮೇತ ಪೆಟ್ಟಿಗೆಗೆ ಇಳಿಸಿಕೊಂಡರು. ಎಂಟು ದಿನ ಅಲ್ಲೇ ಹತ್ತಿರ ಇಟ್ಟು ಆಮೇಲೆ ತೋಟಕ್ಕೆ ಒಯ್ದರು.

ಮೇಸ್ತ್ರಿ ಹತ್ತಿದ್ದು ಎರಡು ಹಗ್ಗದ ಮೇಲೆ, ಒಂದು ಬಿಚ್ಚುವಾಗ ಇನ್ನೊಂದು ಕಟ್ಟಿರಲೇಬೇಕು. ಹೆಲ್ಮೆಟ್, ಬೂಟು, ತೊಡೆಗೆ ದಪ್ಪ ಪದರದ ಪ್ಯಾಂಟು. ಒಂದೇ ಕೈಯಲ್ಲಿ ಮಿಷಿನ್ ಹಿಡಿದದ್ದನ್ನು ನಾನು ನೋಡಲಿಲ್ಲ. ಸರಪಳಿ ಸುತ್ತುವ ಉದ್ದ ಪಟ್ಟಿಯ ತುದಿಯ ಮೇಲ್ಭಾಗ ಎಲ್ಲಾದರೂ ತಾಗಿದರೆ ಮಿಷಿನ್ ಮುಖಕ್ಕೇ ಎಗರುತ್ತದೆ, ಎರಡು ಕೈ ಇದ್ದರೆ ತಡೆಯಬಹುದು. ಪ್ರತಿ ಕೊಂಬೆಗೂ ಮೊದಲು ಕೆಳಗಿನ ಕೊಯ್ತ, ಆಮೇಲೆ ಮೇಲಿನದು.

ಕೊಟ್ಟಿಗೆ ಕಡೆಯ ಕೊಂಬೆಗಳನ್ನು ಬೀಳಿಸಲೇ ಇಲ್ಲ, ಇಳಿಸಿದರು. ಕೊಂಬೆಗೆ ಕಟ್ಟಿದ ಹಗ್ಗವನ್ನು ಮೇಲಿನ ಕವಲಿಗೆ ಹಾಯಿಸಿ, ಕೆಳಗೆ ತಂದು ಆ ಹಲಸಿನ ಬುಡಕ್ಕೆ ಮೂರು ಸುತ್ತು ಸುತ್ತಿದರು. ತುದಿ ಹಿಡಿಯಲು ಒಬ್ಬನೇ ಸಾಕು. ಭಾರವೆಲ್ಲ ಹಲಸಿನ ತೊಗಟೆ ಹಿಡಿಯುತ್ತದೆ, ಸಡಿಲ ಬಿಟ್ಟಷ್ಟೇ ಹಗ್ಗ ಜಾರುತ್ತದೆ. ಮೇ ತಿಂಗಳಲ್ಲಿ ಆರು ಜನ ಎಳೆದು ಹಿಡಿಯಲಾಗದ್ದನ್ನು ಇಲ್ಲಿ ಒಬ್ಬ ಇಳಿಸುತ್ತಿದ್ದ. ಎರಡನೇ ದಿನ ಹಾಗೆ ಹಗ್ಗ ಹಿಡಿದು ನಿಂತವನು ಹೆಗಲು ಮುರಿದಿದ್ದ ಅದೇ ಹುಡುಗ. ನೋಡಲು ಬಂದಿದ್ದ. ಮೇಸ್ತ್ರಿ "ಬಾ, ಬಲಗೈ ಸಾಕು" ಅಂತ ಕರೆದರು.

ಕೊನೆಗೆ ಉಳಿದದ್ದು ಬೋಳು ಕಾಂಡ. ಪೂರ್ತಿ ತೆಗೀಬೇಕು ಅಂತ ಯಜಮಾನರು. ಪೊಟರೆ ಇರುವಷ್ಟಾದರೂ ಬಿಡಿ ಅಂತ ಪಕ್ಕದ ಮನೆಯ ಹಿರಿಯರು. ಮತ್ತೆ ಅಂಗಳದಲ್ಲಿ ಮಾತು ಶುರುವಾಗುವ ಲಕ್ಷಣ ಕಂಡಿತು. ಮೇಸ್ತ್ರಿ ಬುಡದಿಂದ ಕೊಟ್ಟಿಗೆಯವರೆಗೆ ಟೇಪು ಎಳೆದರು, 22 ಅಡಿ. "15 ಅಡಿ ಮೋಟು ಬಿಡ್ತೀನಿ. ನಾಳೆ ಬಿದ್ದರೂ ಕೊಟ್ಟಿಗೆ ಮುಟ್ಟಲ್ಲ" ಅಂದರು. ಇಬ್ಬರೂ ಸುಮ್ಮನಾದರು. ಅದಕ್ಕಿಂತ ಮೇಲಿನದನ್ನು ನಾಲ್ಕು ನಾಲ್ಕು ಅಡಿಯ ತುಂಡಾಗಿ ಇಳಿಜಾರಿನ ಕಡೆಗೆ ಕೆಡವಿದರು. ಗಟ್ಟಿ ಇದ್ದ ಕೊಂಬೆಗಳಿಂದ ಹನ್ನೆರಡು ಹಲಗೆ ಬಂದವು, ಉಳಿದದ್ದು ಒಲೆಗೆ.

ಆಮೇಲೆ

ಈಗ ನನ್ನನ್ನು ಯಾರಾದರೂ ಮರ ಕಡಿಯುವವರ ನಂಬರ್ ಕೇಳಿದರೆ ನಾನು ಮೊದಲು ಹೋಗಿ ಮರ ನೋಡುತ್ತೇನೆ. ಬುಡ ತಟ್ಟುತ್ತೇನೆ. ಕೆಳಗೇನಿದೆ, ಅದನ್ನು ಸರಿಸಲಾದೀತಾ ಅಂತ ಕೇಳುತ್ತೇನೆ. ಬುಡದಲ್ಲಿ ಅಣಬೆಯೋ ಪೊಟರೆಯೋ ಕಂಡರೆ ಅದನ್ನು ಕೆಲಸದವರಿಗೆ ಮೊದಲೇ ಹೇಳುತ್ತೇನೆ. ಬಂದವರು ಅರ್ಧ ಗಂಟೆಯೊಳಗೆ ಮರ ಹತ್ತಿದರೆ ಇಳಿಯಿರಿ ಅನ್ನುತ್ತೇನೆ, ಜಗಳವಾದರೂ ಸರಿ. ಮರ ಉಳಿಸಬೇಕಾ ಕಡಿಯಬೇಕಾ ಅಂತ ಮನೆಯವರು ಜಗಳವಾಡುತ್ತಿದ್ದರೆ ಆಡಲಿ, ಅದು ಬೇಕಾದ ಜಗಳವೇ. ಆದರೆ ಅದಕ್ಕೆ ಮಳೆಗಾಲ ಮುಗಿದ ಮೇಲಿನ ಒಣ ತಿಂಗಳುಗಳನ್ನು ಬಲಿ ಕೊಡಬೇಡಿ ಅಂತ ಹೇಳುತ್ತೇನೆ.

ವಿಮೆಯ ವಿಷಯವೂ ಇದೆ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯನ್ನು ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದ ಯಾರಾದರೂ ಮಾಡಿಸಬಹುದು. ಅಪಘಾತದಲ್ಲಿ ಸತ್ತರೆ ಅಥವಾ ಪೂರ್ತಿ ಅಂಗವಿಕಲರಾದರೆ 2 ಲಕ್ಷ, ಒಂದು ಕೈ, ಒಂದು ಕಾಲು ಅಥವಾ ಒಂದು ಕಣ್ಣು ಪೂರ್ತಿ ಹೋದರೆ 1 ಲಕ್ಷ. ಆಸ್ಪತ್ರೆ ಬಿಲ್ ಅದರಲ್ಲಿ ಬರುವುದಿಲ್ಲ. ಹೆಗಲು ಮುರಿದು ಆಮೇಲೆ ಕೂಡಿಕೊಂಡರೆ ಏನೂ ಇಲ್ಲ. ಹಾಗಾಗಿ ಆಸ್ಪತ್ರೆ ಖರ್ಚು ಯಾರದ್ದು ಅಂತ ಕೂಲಿ ಮಾತಾಡುವಾಗಲೇ ಬಾಯಿಬಿಟ್ಟು ಹೇಳಿಕೊಳ್ಳಬೇಕು. ಮೇಸ್ತ್ರಿ ಹಾಗೆ ಕೇಳಿದರು, ಯಜಮಾನರು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ನಮ್ಮ ಕಡೆ ಹಾಗೆ ಬರೆದುಕೊಟ್ಟದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹುಡುಗ ಆ ವರ್ಷದ ಅಡಿಕೆ ಕೊಯ್ಲಿಗೆ ಹೋಗಲಾಗಲಿಲ್ಲ. ಎಡಗೈ ಈಗಲೂ ತಲೆಗಿಂತ ಮೇಲೆ ಪೂರ್ತಿ ಏಳುವುದಿಲ್ಲ, ಅಡಿಕೆ ಮರದ ಕೆಲಸ ಅವನಿಗೆ ಮುಗಿಯಿತು. ಮೇಸ್ತ್ರಿ ಜೊತೆ ಕೆಳಗಿನ ಹಗ್ಗದ ಕೆಲಸಕ್ಕೆ ಹೋಗುತ್ತಾನೆ, ಕೂಲಿ ಮೊದಲಿನಷ್ಟು ಹುಟ್ಟುವುದಿಲ್ಲ. ಕಳೆದ ಮಾರ್ಚಿನಲ್ಲಿ ತಂಗಿ ಹಳೇ ಭರಣಿಯಿಂದ ಮಿಡಿ ಉಪ್ಪಿನಕಾಯಿ ಒಂದು ಡಬ್ಬಿ, ಎರಡು ಕಸಿ ಗಿಡ ಕೊಟ್ಟು ಅವನ ಮನೆಗೆ ತಲುಪಿಸಿ ಅಂದರು. ಅವನ ತಾಯಿ ಡಬ್ಬಿ ಒಳಗಿಟ್ಟರು. ಗಿಡಗಳನ್ನು ಮನೆಯಿಂದ ದೂರ, ಗದ್ದೆಯ ಅಂಚಿಗೆ ನೆಡು ಅಂತ ಮಗನಿಗೆ ಹೇಳಿದರು.